ಬೌಲ್ ಮೀಮಾಂಸೆ: ಒಂದು ವಿನಮ್ರ ಮರುಓದು

ಪ್ರಸ್ತುತ ಪ್ರಬಂಧವು ಅಮೆರಿಕದ ಕಾಲೇಜು ಫುಟ್‌ಬಾಲ್ ಎಂಬ ಸಾಂಸ್ಕೃತಿಕ ಪಠ್ಯವನ್ನು ಕ್ರಿಸ್‌ಮಸ್ ಆಟಿಕೆಯ ಪರಿಪ್ರೇಕ್ಷ್ಯದಲ್ಲಿ, ಬಂಡವಾಳದ ನೆಲೆಯಿಂದ, ಅಂತರ್‌ಶಿಸ್ತೀಯ ಮರುಓದಿಗೆ ಒಡ್ಡುವ ವಿನಮ್ರ ಪ್ರಯತ್ನವಾಗಿದೆ. (‘ವಿನಮ್ರ’ ಎಂದು ಬರೆಯದಿದ್ದರೆ ವಿಚಾರಸಂಕಿರಣದವರು ಊಟದ ಕೂಪನ್ ಕೊಡುವುದಿಲ್ಲ.) ಅಧ್ಯಯನದ ಕ್ಷೇತ್ರ: ಒಹಾಯೊದಲ್ಲಿರುವ ಪ್ರಬಂಧಕಾರನ ಸೋಫಾ. ಪ್ರಾಥಮಿಕ ಆಕರ: ಟೀವಿ. ಪೂರಕ ಆಕರ: ಊರಿನಿಂದ ಬಂದ ಕೋಡುಬಳೆ.

ಋತು ಮುಗಿದರೂ ದುಡ್ಡಿನಾಸೆ ಮುಗಿಯದ ಕಾರಣ ಡಿಸೆಂಬರ್ ಮಧ್ಯದಿಂದ ಹೊಸವರ್ಷದವರೆಗೆ ಆಡಿಸುವ ಪಂದ್ಯವೇ ‘ಬೌಲ್’. ಆದಿಬೌಲ್ ನಡೆದದ್ದು 1902ರ ಜನವರಿ 1ರಂದು, ಕ್ಯಾಲಿಫೋರ್ನಿಯಾದ ಪಸಡೀನಾದ ಗುಲಾಬಿ ಉತ್ಸವದಲ್ಲಿ. ಸ್ಟ್ಯಾನ್‌ಫರ್ಡ್ ವಿರುದ್ಧ ಮಿಶಿಗನ್ 49 ಅಂಕ ಹೊಡೆಯಿತು, ಸ್ಟ್ಯಾನ್‌ಫರ್ಡ್ ಸೊನ್ನೆ. ಸಂಘಟಕರು ಇದರಿಂದ ಎಷ್ಟು ಬೇಸತ್ತರೆಂದರೆ, ಮುಂದಿನ ವರ್ಷಗಳಲ್ಲಿ ರಥಗಳನ್ನು ಓಡಿಸಿ ನೋಡಿದರು. 1916ರಲ್ಲಷ್ಟೇ ಚೆಂಡು ವಾಪಸು ಬಂತು. ಬೌಲ್ ತಾತ್ವಿಕತೆಯ ಇತಿಹಾಸದಲ್ಲಿ ವಿವೇಕಕ್ಕೆ ಸಿಕ್ಕ ಅವಕಾಶ ಆ ರಥಗಳ ಕಾಲ ಮಾತ್ರ.

ಪ್ರಾಯೋಜಕಮೂಲ ನಾಮಮೀಮಾಂಸೆಯ ಪ್ರಕಾರ ಬೌಲ್‌ಗಳು ಚತುರ್ವಿಧ. ಮೊದಲನೆಯದು ಭಕ್ಷ್ಯಬೌಲ್. ಷಾರ್ಲಟ್ ನಗರದಲ್ಲಿ ನಡೆಯುವ ಡ್ಯೂಕ್ಸ್ ಮೇಯೊ ಬೌಲ್‌ನಲ್ಲಿ ಗೆದ್ದ ಕೋಚ್‌ನ ತಲೆಯ ಮೇಲೆ ಮೇಯೊನೇಸ್ ಸುರಿಯುತ್ತಾರೆ. ಇದನ್ನು ಅಭಿಷೇಕ ಸಂಕಥನದ ಉತ್ತರಾಧುನಿಕ ರೂಪವೆಂದು ಗ್ರಹಿಸಬಹುದು, ಹಸಿವಿದ್ದವರು ಗ್ರಹಿಸದೆಯೂ ಇರಬಹುದು. 2023ರಲ್ಲಿ ಒರ್ಲ್ಯಾಂಡೊದ ಪಾಪ್-ಟಾರ್ಟ್ಸ್ ಬೌಲ್‌ನಲ್ಲಿ ಕುಣಿಯುತ್ತಿದ್ದ ತಿಂಡಿವೇಷಧಾರಿಯೊಬ್ಬ ದೈತ್ಯ ಟೋಸ್ಟರಿನೊಳಗೆ ಇಳಿದ. ಕೆಳಗಿನಿಂದ ನಿಜವಾದ ತಿಂಡಿ ಹೊರಬಂತು, ಗೆದ್ದ ಕ್ಯಾನ್ಸಸ್ ಸ್ಟೇಟ್ ಹುಡುಗರು ಮುರಿದು ತಿಂದರು. ಎರಡನೆಯದು ಯಂತ್ರಬೌಲ್: ತೊಂಬತ್ತರ ದಶಕದಲ್ಲಿ ಶ್ರೀವ್‌ಪೋರ್ಟ್‌ನ ಇಂಡಿಪೆಂಡೆನ್ಸ್ ಬೌಲ್ ಕಳೆ ಕತ್ತರಿಸುವ ಯಂತ್ರವೊಂದರ ಹೆಸರು ಹೊತ್ತಿತ್ತು. ಮೂರನೆಯದು ಮಾಯಾಬೌಲ್: 2014ರ ಬಿಟ್‌ಕಾಯಿನ್ ಬೌಲ್. ನಾಲ್ಕನೆಯದನ್ನು ವಿವರಿಸುವ ಉತ್ಸಾಹ ಪ್ರಬಂಧಕಾರನಲ್ಲಿ ಉಳಿದಿಲ್ಲ. ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಇನ್ನು ವಿತ್ತಕಾಂಡ. 2011ರ ಫಿಯೆಸ್ಟಾ ಬೌಲ್‌ಗೆ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಆಮಂತ್ರಣ ಬಂತು. ಜತೆಗೆ 17,500 ಟಿಕೆಟ್ ನಿಮ್ಮ ತಲೆಗೆ ಎಂಬ ಕರಾರೂ ಬಂತು. ಬಹುಪಾಲು ಮಾರಾಟವಾಗಲಿಲ್ಲ. ಗೌರವದಿಂದ ಕರೆಸಿಕೊಂಡವರು ಹತ್ತು ಲಕ್ಷ ಡಾಲರಿಗೂ ಮೀರಿ ಕಳೆದುಕೊಂಡು, ಪಂದ್ಯವನ್ನೂ ಸೋತು ಮನೆಗೆ ಬಂದರು. ಅದೇ ವರ್ಷ ಆ ಬೌಲ್‌ನ ಮುಖ್ಯಸ್ಥ ಜಾನ್ ಜಂಕರ್ ಕೆಲಸ ಕಳೆದುಕೊಂಡ. ಸಿಬ್ಬಂದಿಯ ಹೆಸರಿನಲ್ಲಿ ರಾಜಕಾರಣಿಗಳಿಗೆ ದೇಣಿಗೆ ಕೊಡಿಸಿ ಸಂಸ್ಥೆಯ ಹಣದಿಂದ ಅದನ್ನು ತುಂಬಿಕೊಟ್ಟದ್ದು, ತನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಸಂಸ್ಥೆಯಿಂದ 33,000 ಡಾಲರ್ ಖರ್ಚು ಮಾಡಿಸಿದ್ದು ಎಲ್ಲ ಬಯಲಾಯಿತು. ಮುಂದೆ ಜೈಲುಶಿಕ್ಷೆಯೂ ಆಯಿತು. ಅಂದಹಾಗೆ ಅದು ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆ. ಈ ಪಂದ್ಯಗಳಲ್ಲಿ ಹಲವನ್ನು ಇಎಸ್‌ಪಿಎನ್ ವಾಹಿನಿ ತೋರಿಸುವುದಷ್ಟೇ ಅಲ್ಲ, ಅವುಗಳ ಮಾಲೀಕನೂ ಅದೇ. ಮದುವೆ ಮಂಟಪ, ಅಡುಗೆ, ಪುರೋಹಿತ, ವಧು ಎಲ್ಲ ಒಂದೇ ಗುತ್ತಿಗೆ.

ಮತ್ತು ಆಟಗಾರ? ಅವನಿಗೆ ಉಡುಗೊರೆ ಕೋಣೆ ಇದೆ. ಬೌಲ್‌ನವರು ಹೆಡ್‌ಫೋನ್, ಗೇಮ್ ಕನ್ಸೋಲ್, ಗಡಿಯಾರ ಜೋಡಿಸಿಟ್ಟಿರುತ್ತಾರೆ, ಹುಡುಗರು ಸಾಲಿನಲ್ಲಿ ಹೋಗಿ ಆರಿಸಿಕೊಳ್ಳುತ್ತಾರೆ. ಮಿತಿ 550 ಡಾಲರ್. ಇದನ್ನೇ ನಾವು ಸಾಂಟಾಕ್ಲಾಸ್ ಪ್ರತಿಮಾನ ಎಂದು ಕರೆಯುತ್ತೇವೆ: ಶ್ರಮಕ್ಕೆ ಕೂಲಿ ಕೇಳಬಾರದು, ಒಳ್ಳೆಯ ಮಗುವಾಗಿದ್ದರೆ ಆಟಿಕೆ ಸಿಗುತ್ತದೆ.

ಆಟಿಕೆಯ ಮಾತು ಬಂತು. ಪಕ್ಕದ ಮನೆಯ ಹಿರಿಯರು ನೆಲಮಾಳಿಗೆಯಿಂದ ಒಂದು ಪೆಟ್ಟಿಗೆ ತಂದು ತೋರಿಸಿದರು. ಎಲೆಕ್ಟ್ರಿಕ್ ಫುಟ್‌ಬಾಲ್. ಟ್ಯೂಡರ್ ಕಂಪನಿಯ ನಾರ್ಮನ್ ಸಾಸ್ ನಲವತ್ತರ ದಶಕದ ಕೊನೆಯಲ್ಲಿ ರೂಪಿಸಿದ ಆಟ. ಸೀರ್ಸ್ ಅಂಗಡಿಯ ಕ್ರಿಸ್‌ಮಸ್ ಕ್ಯಾಟಲಾಗಿನ ಪುಟದ ಮೂಲೆ ಮಡಚಿ, ಅಪ್ಪನ ಕಣ್ಣಿಗೆ ಬೀಳುವಂತೆ ಇಟ್ಟು ಸಂಪಾದಿಸಿದ್ದಂತೆ. ಹಸಿರು ಬಣ್ಣದ ತಗಡಿನ ಮೈದಾನ, ಮೇಲೆ ಬೆರಳುದ್ದದ ಪ್ಲಾಸ್ಟಿಕ್ ಆಟಗಾರರು. ಇಪ್ಪತ್ತೆರಡು ಮಂದಿಯನ್ನು ತಾಳ್ಮೆಯಿಂದ ನಿಲ್ಲಿಸಿ ಸ್ವಿಚ್ ಒತ್ತಿದರು. ತಗಡು ಗುಂಯ್ ಎಂದು ನಡುಗಿತು. ಇಬ್ಬರು ಅಪ್ಪಿಕೊಂಡು ಗಿರಗಿರ ತಿರುಗಿದರು, ಒಬ್ಬ ತನ್ನದೇ ಗೋಲಿನತ್ತ ಹೊರಟ, ಚೆಂಡು ಹಿಡಿದವನು ಅಂಚಿಗೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತ. ಅರವತ್ತು ವರ್ಷದ ಹಿಂದೆಯೂ ಹೀಗೇ ಇತ್ತು ಎಂದು ಹಿರಿಯರು ಕಣ್ಣೊರೆಸಿಕೊಂಡು ನಕ್ಕರು. ನನಗೂ ಕೈ ತುರಿಸಿತು, ಇನ್ನೊಂದು ಸಲ ಹಾಕಿ ಎಂದೆ.

ಆ ಕ್ಯಾಟಲಾಗೂ ಮಾರಾಟಕ್ಕೇ ಇದ್ದದ್ದು, ಒಪ್ಪೋಣ. ಆದರೆ ಪುಟದಲ್ಲಿ ಬೆಲೆ ಅಚ್ಚಾಗಿತ್ತು. ಇದು ವಿದ್ಯಾಭ್ಯಾಸ ಎಂದು ಸೀರ್ಸ್‌ನವರು ಯಾವತ್ತೂ ಹೇಳಲಿಲ್ಲ.

ಆಮೇಲೆ ಹಿರಿಯರು ಶುರು ಮಾಡಿದರು: ಈಗಿನ ಹುಡುಗರು ದುಡ್ಡಿನ ಹಿಂದೆ ಬಿದ್ದು ಆಟ ಕೆಡಿಸಿದರು, ಬೌಲ್ ಆಡದೆ ತಪ್ಪಿಸಿಕೊಳ್ಳುತ್ತಾರೆ. 2025ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಎಂದಾದದ್ದು ಅವರಿಗೆ ಪ್ರಳಯ. ಇಲ್ಲಿ ಪ್ರಬಂಧಕಾರನ ವಸ್ತುನಿಷ್ಠತೆ ಕೆಟ್ಟಿತು. 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಜಿಂಬೊ ಫಿಶರ್ ಎಂಬ ಕೋಚ್‌ನನ್ನು ಕಿತ್ತುಹಾಕಿ, ಇನ್ನು ಕೆಲಸ ಮಾಡಬೇಡಪ್ಪ ಎನ್ನುವುದಕ್ಕೆ ಏಳೂವರೆ ಕೋಟಿ ಡಾಲರಿಗೂ ಹೆಚ್ಚು ಕೊಡಲು ಒಪ್ಪಿತಲ್ಲ, ಆಗ ಆಟ ಕೆಡಲಿಲ್ಲವೇ? 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿಗೆ ಆಡುತ್ತ ತಲೆಗೆ ಪೆಟ್ಟು ಬಿದ್ದು ರೇ ಡೆನಿಸನ್ ಸತ್ತ. ಕೆಲಸಗಾರ ಸತ್ತರೆ ಸಿಗುವ ಪರಿಹಾರ ಕೊಡಿ ಎಂದು ಅವನ ಹೆಂಡತಿ ಕೇಳಿದಳು. 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕೊಡುವಂತಿಲ್ಲ ಎಂದಿತು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲವಂತೆ!

ಬರುವ ವರ್ಷಗಳಲ್ಲಿ ಇದೇ ಕಾಲೇಜುಗಳ ಪ್ಲೇಆಫ್ ತೋರಿಸಲು ಇಎಸ್‌ಪಿಎನ್ ಕೊಡುವುದು ವರ್ಷಕ್ಕೆ ಸುಮಾರು 130 ಕೋಟಿ ಡಾಲರ್. ಆ ಹೆಂಗಸಿನ ಮುಖ ನೋಡಿ ಹೇಳಿದ ಮಾತನ್ನು ಈಗ ಯಾರಾದರೂ ನಗದೆ ಹೇಳಲಿ, ಕೇಳುತ್ತೇನೆ.