ಸುಂಕದವನ ಮುಂದೆ

2025ರ ಆಗಸ್ಟ್ ಮಾಸಾಂತ್ಯದ ಒಂದು ಪ್ರಾತಃಕಾಲ, ಜಯನಗರದ ರಾಗಿಗುಡ್ಡದ ಆಂಜನೇಯನಿಗೆ ಪ್ರದಕ್ಷಿಣೆ ಮುಗಿಸಿ ಮೆಟ್ಟಿಲ ಮೇಲೆ ವಿಶ್ರಮಿಸುತ್ತಿದ್ದ ನಿವೃತ್ತ ಮೇಷ್ಟರ ಸನ್ನಿಧಿಗೆ, ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯಿಟ್ಟು ಅಮೆರಿಕಕ್ಕೆ ಅಂಗಿ ಕಳುಹಿಸುವ ಶೆಟ್ಟರು, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬುದನ್ನು ಬಲ್ಲವರಾದುದರಿಂದ, ಸುಂಕವನ್ನೇ ಕಟ್ಟದವರ ಮುಂದಾದರೂ ಹೇಳಿಕೊಳ್ಳೋಣವೆಂದು ಮ್ಲಾನವದನರಾಗಿ ಬಂದು ಕುಳಿತರು.

“ಏನು ಶೆಟ್ಟರೇ, 10ನೆಯ ತಾರೀಖು ಪ್ರಧಾನಿಗಳೇ ದಯಮಾಡಿಸಿ ಹಳದಿ ಮಾರ್ಗದ ಮೆಟ್ರೋವನ್ನು ಲೋಕಾರ್ಪಣೆ ಮಾಡಿದರಲ್ಲ, ಕಾರ್ಖಾನೆ ಹತ್ತಿರವಾಯಿತು!”

“ಕಾರ್ಖಾನೆ ಹತ್ತಿರವಾಯಿತು ಮೇಷ್ಟ್ರೇ, ಕೆಲಸ ದೂರವಾಯಿತು. ಮೆಟ್ರೋ ಬಂಡಿ 25 ನಿಮಿಷಕ್ಕೊಂದು. ಟ್ರಂಪ್ ಮಹಾಶಯರ ಸುಂಕವೂ ಮೊದಲು 25, ರಷ್ಯಾದ ತೈಲ ಕೊಂಡ ಅಪರಾಧಕ್ಕೆ 27ನೆಯ ತಾರೀಖಿನಿಂದ ಮತ್ತೆ 25. ಕಾಜಾ ಹೊಲಿದು ಗುಂಡಿ ಹಾಕದ ಅಂಗಿಗಳು ಮೇಜಿನ ಮೇಲೆ ಹಾಗೆಯೇ ಬಿದ್ದಿವೆ. ನಮ್ಮ ಹೊಲಿಗೆಯ ಹೆಣ್ಣುಮಕ್ಕಳೇನು ರಷ್ಯಾದ ಎಣ್ಣೆಯಲ್ಲಿ ಒಗ್ಗರಣೆ ಹಾಕಿದವರೇ?”

“ಛೇ, ದೇಶಾಭಿಮಾನ ಬೇಕು! ಕೆಂಪುಕೋಟೆಯಿಂದಲೇ ಸ್ವದೇಶಿಯ ಅಪ್ಪಣೆಯಾಗಿದೆ. ಅಂಗಡಿಗಳ ಮುಂದೆ ಫಲಕ ಹಾಕಬೇಕಂತೆ.”

“ಹಾಕೋಣ. ಆದರೆ ಅಮೆರಿಕದವರ ಉದರವಿಸ್ತಾರಕ್ಕೆ ಕತ್ತರಿಸಿದ ಅಂಗಿಯನ್ನು ನಾಲ್ಕನೆಯ ಬ್ಲಾಕಿನಲ್ಲಿ ಯಾರು ತೊಟ್ಟಾರು? ತಾವು ತೊಡುವಿರಾ?”

ದೇಶಾಭಿಮಾನವು ವೈಯಕ್ತಿಕ ಅಳತೆಗೆ ಇಳಿದೊಡನೆ ಮೌನ ತಾಳುವುದು ನಮ್ಮ ಬಡಾವಣೆಯ ಸಂಪ್ರದಾಯ. ಮೇಷ್ಟರು ತಮ್ಮ ಕೃಶಕಾಯವನ್ನೊಮ್ಮೆ ಅವಲೋಕಿಸಿಕೊಂಡು ಮಾತು ತಿರುಗಿಸಿದರು:

“ಆದರೂ ನಮ್ಮ ಪ್ರಧಾನಿಗಳು ಟ್ರಂಪರನ್ನು ಮಿತ್ರರೆಂದು ಬಹಿರಂಗವಾಗಿ ಆಲಿಂಗಿಸಿದ್ದರಲ್ಲವೇ?”

“ಆಲಿಂಗನಕ್ಕೆ ಸುಂಕವಿಲ್ಲ ಮೇಷ್ಟ್ರೇ. ದೇವನಹಳ್ಳಿಯಲ್ಲಿ ತಯಾರಾಗುವ ಐಫೋನಿಗೂ ಇಲ್ಲ. ಬೊಮ್ಮನಹಳ್ಳಿಯ ಅಂಗಿಗೆ ಮಾತ್ರ ಶೇಕಡಾ 50.”