ಲೇಥ್‌ಲೇಪ ನಿರ್ಮೂಲನ ಮೀಮಾಂಸೆ: ಮುದ್ದೇಬಿಹಾಳ ಸಂಪ್ರದಾಯದ ಒಂದು ವಿವೇಚನೆ

ಲೇಥ್ ಎಂದರೆ ಕಬ್ಬಿಣವನ್ನು ಗರಗರನೆ ತಿರುಗಿಸಿ, ಅದಕ್ಕೆ ಉಳಿಯೊಡ್ಡಿ ಕೊರೆಯುವ ಯಂತ್ರ. ರಾಜಕೋಟ ಇಲ್ಲವೆ ಬಟಾಲಾದ ಕಾರ್ಖಾನೆಯಿಂದ ಲಾರಿಯೇರಿ ಬಂದ ಹೊಸ ಲೇಥ್ ಮುದ್ದೇಬಿಹಾಳದ ವರ್ಕ್‌ಶಾಪಿನಲ್ಲಿ ಇಳಿಯುವಾಗ, ದಾರಿಯ ಮಳೆಗೆ ತುಕ್ಕು ಹಿಡಿಯದಿರಲೆಂದು ಸವರಿದ ಕಂದು ಗ್ರೀಸನ್ನು ಮೈತುಂಬ ಹೊದ್ದಿರುತ್ತದೆ. ಈ ರಕ್ಷಕ ಗ್ರೀಸಿಗೂ ಯಂತ್ರಕ್ಕೆ ಬಿಡುವ ಎಣ್ಣೆಗೂ ಭೇದವೇ ಇಲ್ಲವೆಂದು ನಂಬಿ ಹಾಗೆಯೇ ಸ್ವಿಚ್ ಒತ್ತುವವರನ್ನು ಅದ್ವೈತಿಗಳೆಂದು ವರ್ಗೀಕರಿಸಬಹುದು. ಆದರೆ ಬೇಸಿಗೆಯ ಗಾಳಿಯಲ್ಲಿ ತೂರಿಬರುವ ಎರೆಮಣ್ಣಿನ ಧೂಳು ಆ ಜಿಗುಟಿಗೆ ಅಂಟಿಕೊಂಡು, ಬೆಡ್ಡನ್ನು, ಅಂದರೆ ಉಳಿ ಹೊತ್ತ ಕ್ಯಾರೇಜು ಸರಿದಾಡುವ ನುಣುಪಾದ ಹಳಿಗಳನ್ನು, ದಿನವೂ ಇಷ್ಟಿಷ್ಟೇ ಸವೆಸುವುದರಿಂದ ಅವರ ಸಿದ್ಧಾಂತವು ತಾನಾಗಿಯೇ ಖಂಡಿತವಾಗುತ್ತದೆ.

ಲೇಪವನ್ನು ಯಾವುದರಿಂದ ಕಳೆಯಬೇಕೆಂಬಲ್ಲಿ ಚಿಮಣಿ ಎಣ್ಣೆ ಪಂಥ, ಡೀಸೆಲ್ ಪಂಥ ಎಂಬ ಎರಡು ಮುಖ್ಯ ಕವಲುಗಳಿವೆ. 1565ರ ಯುದ್ಧ ತಾಳಿಕೋಟೆಯದೋ ರಕ್ಕಸಗಿ-ತಂಗಡಗಿಯದೋ ಎಂದು ಇನ್ನೂ ವಾದ ನಡೆದಿರುವ ನೆಲದಲ್ಲಿ ಇದೂ ಬೇಗ ಬಗೆಹರಿಯುವ ಲಕ್ಷಣವಿಲ್ಲ. ಚಿಮಣಿ ಎಣ್ಣೆ ಬೇಗ ಕರಗಿಸುತ್ತದೆ, ಡೀಸೆಲ್ ಜಿಡ್ಡು ಉಳಿಸುತ್ತದೆ. ಆದರೂ ಎರಡನೆಯ ಪಂಥವೇ ಬೆಳೆದಿರುವುದಕ್ಕೆ ಕಾರಣ ತತ್ತ್ವವಲ್ಲ, ರೇಷನ್ ಅಂಗಡಿಯ ನೀಲಿ ಎಣ್ಣೆ ಅಪರೂಪವಾದದ್ದು. ಪೆಟ್ರೋಲ್ ಪಂಥವೂ ಒಂದುಂಟು. ಅದರ ಅನುಯಾಯಿಗಳು ಬೀಡಿಪ್ರಿಯರೂ ಆಗಿರುವಲ್ಲಿ ಪರಂಪರೆ ಮುಂದುವರಿಯುವುದು ಕಷ್ಟ. ಥಿನ್ನರ್ ಗ್ರೀಸಿನೊಡನೆ ಬಣ್ಣವನ್ನೂ ಕಿತ್ತು ತರುತ್ತದೆಯಾದ್ದರಿಂದ ಅದರ ಚರ್ಚೆ ಅನಗತ್ಯ.

ಬನಿಯನ್ ವೇಸ್ಟಿನಿಂದ ಬೆಡ್ಡು ಒರೆಸುವುದು ಬಾಲಪಾಠ ಮಾತ್ರ. ಪಾಂಡಿತ್ಯದ ಪರೀಕ್ಷೆ ನಡೆಯುವುದು ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಕ್ಕಿನಲ್ಲಿ. ಅದರ ಮೂರು ಜಾಗಳನ್ನು, ಅಂದರೆ ಕಚ್ಚುವ ದವಡೆಗಳನ್ನು, ಕೀಲಿಯಿಂದ ತಿರುಗಿಸಿ ಹೊರತೆಗೆದಾಗ, ಒಳಗಿನ ಸುರುಳಿ ತೋಡಿನ ತುಂಬ ಗಟ್ಟಿಯಾದ ಗ್ರೀಸು ಕುಳಿತಿರುವುದು ಕಾಣುತ್ತದೆ. ಅದನ್ನು ಹಳೆಯ ಟೂತ್‌ಬ್ರಷ್ಷಿನಿಂದ ಸುತ್ತುಸುತ್ತಾಗಿ ಕೆದಕಿ ತೆಗೆಯಬೇಕು. ಜಾಗಳ ಮೇಲೆ 1, 2, 3 ಎಂದು ಅಂಕಿ ಕೆತ್ತಿರುವುದು ಅಲಂಕಾರಕ್ಕಲ್ಲ. ಆ ಕ್ರಮ ತಪ್ಪಿಸಿ ಕೂರಿಸಿದ ಚಕ್ಕು ಟ್ರ್ಯಾಕ್ಟರಿನ ಶಾಫ್ಟನ್ನು ನಡುವಿಗೆ ಹಿಡಿಯುವುದೇ ಇಲ್ಲ. ಎಮರಿ ಹಾಳೆ ಉಜ್ಜಿ ಬೆಡ್ಡನ್ನು ಫಳಫಳಿಸುವ ಉತ್ಸಾಹಿಗಳು ಶುದ್ಧಿಯ ಹೆಸರಿನಲ್ಲಿ ನಡೆಸುವುದು ಸಂಹಾರವೇ.

ಲೇಪ ಕಳೆದ ಬರಿಮೈ ಕಬ್ಬಿಣಕ್ಕೆ ತಕ್ಷಣ ತೆಳುವಾಗಿ ಎಣ್ಣೆ ಸವರುವುದು ವಿಧಿ. ಖಂಡೇಪೂಜೆಯ ದಿನ ಅದೇ ಬೆಡ್ಡಿಗೆ ಅರಿಷಿಣ-ಕುಂಕುಮ ಮೆತ್ತಿ, ಅದರ ಮೇಲೆಯೇ ಕಾಯಿ ಒಡೆದು, ಸಿಡಿದ ನೀರನ್ನು ಒರೆಸದೆ ಮನೆಗೆ ಹೋಗುವ ಪದ್ಧತಿಯನ್ನು ಮಾತ್ರ ಈ ಶಾಸ್ತ್ರ ಒಪ್ಪುವುದಿಲ್ಲ. ಮಾಲೀಕರು ದಯಮಾಡಿ ಕಾಯಿಯನ್ನು ಹೊಸ್ತಿಲಾಚೆಯ ಕಲ್ಲಿಗೆ ಒಡೆಯತಕ್ಕದ್ದು.