ಸಿಮೆಂಟ್ ಶೀಟು ಇಳಿಸುವ ಕ್ರಮ

ಮೊದಲು ಹೆಸರು ಬದಲಿಸಿ. ಕಲ್ನಾರು, ಆಸ್ಬೆಸ್ಟಾಸ್ ಎಂಬ ಮಾತು ಬಾಯಿಗೆ ಬಂದರೆ ಕೆಲಸ ಕೆಡುತ್ತದೆ. ‘ಸಿಮೆಂಟ್ ಶೀಟು’ ಎನ್ನಿ. ಸುಳ್ಳಂತೂ ಅಲ್ಲ, ಅದರಲ್ಲಿ ಬಹುಪಾಲು ಸಿಮೆಂಟೇ. ನಾರು ಸುಮಾರಿಗೆ ನೂರಕ್ಕೆ ಎಂಟೋ ಹತ್ತೋ ಪಾಲು. ಹಾಲಿಗೆ ನೀರು ಬೆರೆಸುವವರೂ ಇಷ್ಟು ಕೈಬಿಗಿ ಮಾಡುವುದಿಲ್ಲ.

ಆಮೇಲೆ ಒಳ್ಳೆಯ ದಿನ ನೋಡಿ. ಮಳೆಗಾಲ ಬೇಡ. ಒದ್ದೆ ಶೀಟಿನಿಂದ ಧೂಳು ಏಳುವುದಿಲ್ಲ, ಧೂಳು ಏಳದೆ ಕೆಲಸ ಆದಂತೆ ಕಾಣುವುದಿಲ್ಲ. ಹೊರದೇಶಗಳಲ್ಲಿ ಶೀಟಿಗೆ ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡೆರಡು ಸುತ್ತು ಸುತ್ತುತ್ತಾರೆ. ಅಲ್ಲಿ ನೀರಿಗೆ ಬರ ಇರಬೇಕು, ಅದಕ್ಕೇ ಅಷ್ಟು ಪ್ರೀತಿ. ನಮ್ಮ ಮಾವಿನಕುರ್ವೆಯಲ್ಲಿ ಸುತ್ತ ಶರಾವತಿ ನದಿಯೇ ಇರುವಾಗ ಕೊಡದಲ್ಲಿ ಹೊತ್ತು ಮಾಡಿಗೆ ಹೊಯ್ಯುವುದು ಯಾಕೆ? ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕಡಲ ಗಾಳಿ ಜೋರಾದ ಮೇಲೆ ಶುರುಮಾಡಿ. ಧೂಳನ್ನು ಗಾಳಿಯೇ ಪಕ್ಕದ ಹಿತ್ತಿಲಿಗೆ ದಾಟಿಸುತ್ತದೆ, ಗುಡಿಸುವ ಕೂಲಿ ಉಳಿಯುತ್ತದೆ. ಅದೂ ದುಬಾರಿ ಎನಿಸಿದರೆ ಚಂಡಮಾರುತಕ್ಕೆ ಕಾಯಿರಿ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಕರಾವಳಿಯ ಎಷ್ಟೋ ಮಾಡುಗಳನ್ನು ಪುಕ್ಕಟೆ ಇಳಿಸಿಕೊಟ್ಟು ಹೋಯಿತು.

ಬೋಲ್ಟು ಬಿಚ್ಚಲು ಹೋಗಬೇಡಿ. ಉಪ್ಪುಗಾಳಿಗೆ ಅದು ತುಕ್ಕು ತಿಂದು ರೀಪಿಗೆ ಕಚ್ಚಿಕೊಂಡಿರುತ್ತದೆ. ಸುತ್ತಿಗೆ ತೆಗೆದುಕೊಂಡು ಬೋಲ್ಟಿನ ಸುತ್ತ ನಾಲ್ಕು ಪೆಟ್ಟು ಹಾಕಿ. ಶೀಟು ಹಪ್ಪಳದಂತೆ ಮುರಿದು ಕೆಳಗೆ ಬೀಳುತ್ತದೆ. ಪುರಸೊತ್ತಿದ್ದರೆ ಒಂದು ಚೂರನ್ನು ಬಿಸಿಲಿಗೆ ಹಿಡಿದು ನೋಡಿ: ಬೂದು ಸಿಮೆಂಟಿನ ಅಂಚಿನಲ್ಲಿ ಬಿಳಿಯ ಎಳೆಗಳು, ಹರಿದ ಬಾಳೆನಾರಿನ ತುದಿಯ ಹಾಗೆ ಕೆದರಿಕೊಂಡಿರುತ್ತವೆ. ಉಗುರು ಆಡಿಸಿದರೆ ಇನ್ನಷ್ಟು ಸಣ್ಣಗೆ ಸೀಳುತ್ತವೆ. ಹೀಗೆ ಸೀಳುತ್ತಾ ಸೀಳುತ್ತಾ ಕಣ್ಣಿಗೆ ಕಾಣದಷ್ಟಾದ ಮೇಲೆ ಎದೆಗೂಡಿನಲ್ಲಿ ಅವಕ್ಕೆ ಸಲೀಸಾಗಿ ಜಾಗ ಸಿಗುತ್ತದೆ. ಕಾಣದ್ದಕ್ಕೆ ಹೆದರುವವರು ಭೂತಕ್ಕೆ ಹೆದರಲಿ, ನೀವು ಮುಂದಿನ ಶೀಟಿಗೆ ಹೋಗಿ.

ಆಳುಗಳಿಗೆ ಮುಖವಸ್ತ್ರ ಎಂದು ದುಡ್ಡು ಖರ್ಚು ಮಾಡಬೇಡಿ. ತಲೆಗೆ ಸುತ್ತಿದ ಟವೆಲ್ಲು ಇದೆಯಲ್ಲ. ಸಂಜೆ ಅದನ್ನು ಕೊಡವಿ ಅದರಲ್ಲೇ ಮುಖ ಒರೆಸಿಕೊಳ್ಳುವಂತೆ ಹೇಳಿ. ಲುಂಗಿ ಮನೆಗೇ ಹೋಗಲಿ, ಒಗೆಯುವ ಹೆಂಡತಿಗೂ ಅಷ್ಟಿಷ್ಟು ಪಾಲು ಸಿಗಲಿ. ಯಾರಾದರೂ ಅನುಮಾನ ಎತ್ತಿದರೆ ಈ ಮಾತು ಬಾಯಿಪಾಠ ಇರಲಿ: ‘ಇಷ್ಟು ವರ್ಷ ಇದರ ಕೆಳಗೇ ಮಲಗಿದ್ವಲ್ಲ ಮಾರಾಯ, ಎಂತ ಆಯ್ತು?’ ಈ ನಾರು ತರುವ ರೋಗ ಅವಸರದ್ದಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕಾದರೂ ಕಾಯುತ್ತದೆ. ಅಷ್ಟರೊಳಗೆ ಕೂಲಿಯ ಲೆಕ್ಕ ಚುಕ್ತಾ ಆಗಿರುತ್ತದೆ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು, ಕಲ್ನಾರಿನ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಟ್ಟುಕೊಳ್ಳಬೇಕೆಂದು ಹೇಳಿದ್ದು ಕಾರ್ಖಾನೆಗಳಿಗೆ, ಗಣಿಗಳಿಗೆ. ನಿಮ್ಮ ಆಳಿನ ಹೆಸರು ಇರುವುದು ಚಾದಂಗಡಿಯ ಉದ್ರಿ ಪುಸ್ತಕದಲ್ಲಿ. ಅದು ಒಂದು ಮಳೆಗಾಲ ಬಾಳಿದರೆ ಹೆಚ್ಚು.

ಈಗ ಕಾಯಿದೆ. ಇಲ್ಲಿ ಸ್ವಲ್ಪ ನಿಂತು ಓದಿ, ಇದರಷ್ಟು ಹಿತವಾದ ಓದು ಬೇರೆ ಸಿಗದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ 15ನೆಯದಾಗಿ ಆಸ್ಬೆಸ್ಟಾಸ್ ಕೂತಿದೆ. ಅಂಥ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಾಗಿಸಲು ನಮೂನೆ 10 ಬೇಕು, ಅದರ ಏಳು ಪ್ರತಿ, ಏಳು ಬಣ್ಣ. ಬಿಳಿಯದು ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳದಿಯದು ಕಳಿಸಿದವನಿಗೆ, ಗುಲಾಬಿಯದು ಪಡೆದವನಿಗೆ, ಕಿತ್ತಳೆಯದು ಲಾರಿಯವನಿಗೆ, ಹಸಿರಿನದು ಮತ್ತೆ ಮಂಡಳಿಗೆ, ನೀಲಿಯದು ‘ತಲುಪಿತು’ ಎಂದು ವಾಪಸು ಕಳಿಸಿದವನಿಗೆ. ಬೂದು ಬಣ್ಣದ್ದು ಹೊರರಾಜ್ಯದಿಂದ ಬಂದ ಮಾಲಿಗೆ ಮಾತ್ರ. ಮದುವೆ ಕಾಗದ ಹಂಚುವಾಗಲೂ ನಮ್ಮಲ್ಲಿ ಇಷ್ಟು ಶಿಸ್ತು ಇರುವುದಿಲ್ಲ. ಇದೆಲ್ಲ ಆಗಿ ಲಾರಿ ಗೇರುಸೊಪ್ಪೆ ಘಟ್ಟ ಹತ್ತಿ, ಶಿವಮೊಗ್ಗ, ತುಮಕೂರು ದಾಟಿ ದಾಬಸ್‌ಪೇಟೆಯ ಇಂಥ ಕಸ ಹೂಳುವ ಭದ್ರ ಗುಂಡಿಯವರೆಗೆ ಹೋಗಬೇಕು.

ಗಾಬರಿ ಬೇಡ. ಅನುಸೂಚಿಯ ಅದೇ ಸಾಲನ್ನು ಇನ್ನೊಮ್ಮೆ ಓದಿ. ಅದು ಹೇಳುವುದು ಆಸ್ಬೆಸ್ಟಾಸ್ ‘ತಯಾರಿಕೆ’ಯ ತ್ಯಾಜ್ಯದ ಮಾತು. ನೀವು ತಯಾರಿಸಿದಿರಾ? ಇಲ್ಲ. ಅಪ್ಪ ತಂದು ಹೊದೆಸಿದ್ದು, ನೀವು ಇಳಿಸುತ್ತಿದ್ದೀರಿ. ಹಾಗಾದರೆ ಇದು ಮನೆಗಸವೇ ಎಂದು ಅದೇ ವರ್ಷದ ಘನತ್ಯಾಜ್ಯ ನಿಯಮಗಳನ್ನು ತಿರುವಿ. ಮನೆಯ ಅಪಾಯಕಾರಿ ಕಸದಲ್ಲಿ ಬಣ್ಣದ ಡಬ್ಬ, ಟ್ಯೂಬ್‌ಲೈಟು, ಅವಧಿ ಮುಗಿದ ಔಷಧಿ, ಒಡೆದ ಥರ್ಮಾಮೀಟರು, ಸೂಜಿ, ಸಿರಿಂಜು ಎಲ್ಲ ಹೆಸರು ಹೆಸರಾಗಿ ಇವೆ. ಶೀಟು ಇಲ್ಲ. ಕಾರ್ಖಾನೆಯಲ್ಲಿದ್ದಾಗ ಏಳು ಬಣ್ಣದ ಮರ್ಯಾದೆ ಪಡೆದದ್ದು ನಿಮ್ಮ ಮಾಡಿನಿಂದ ಇಳಿಯುವ ಹೊತ್ತಿಗೆ ಹೇಳುವವರು ಕೇಳುವವರಿಲ್ಲದ ಅನಾಥ. ಆ ಬಿರುಕಿನಲ್ಲಿ ನಿಮ್ಮ ದೋಣಿ ಆರಾಮಾಗಿ ತೂರುತ್ತದೆ. ಕಾರವಾರದ ಮಂಡಳಿ ಕಚೇರಿಗೆ ಹೋಗಿ ಕೇಳುವ ಮೂರ್ಖತನ ಮಾತ್ರ ಬೇಡ; ಕೇಳಿದವನ ತಲೆಗೇ ಕೆಲಸ ಬರುತ್ತದೆ.

ಸಾಗಾಟದಲ್ಲಿ ಫ್ರಾನ್ಸಿನವರು ಮಾಡಿದ ತಪ್ಪು ಮಾಡಬೇಡಿ. ಹೊಟ್ಟೆ ತುಂಬ ಕಲ್ನಾರು ಇದ್ದ ಕ್ಲೆಮಾನ್ಸೋ ಎಂಬ ಯುದ್ಧನೌಕೆಯನ್ನು ಒಡೆಸಲು ಗುಜರಾತಿನ ಅಲಂಗಿಗೆ ಅಷ್ಟು ದೊಡ್ಡ ಹಡಗಾಗಿಯೇ ಕಳಿಸಿದರು. ಊರೆಲ್ಲ ಗುಲ್ಲಾಗಿ, 2006ರ ಫೆಬ್ರವರಿಯಲ್ಲಿ ವಾಪಸು ಕರೆಸಿಕೊಳ್ಳಬೇಕಾಯಿತು. ನೀವು ಒಂದು ಸಲಕ್ಕೆ ಐದಾರು ಚೂರು ಒಯ್ಯಿರಿ, ಕತ್ತಲಾದ ಮೇಲೆ ಒಯ್ಯಿರಿ. ನದಿಯ ದಡ ಕೊರೆದ ಕಡೆ ಸುರಿಯಿರಿ, ಗಜನಿ ಗದ್ದೆಯ ಬದುವಿಗೆ ತುಂಬಿ. ಇಳಿತದ ಹೊತ್ತಿಗೆ ಬರಿಗೈಯಲ್ಲಿ ಚಿಪ್ಪಿಕಲ್ಲು ಹೆಕ್ಕುವ ಹೆಂಗಸರು ಅದರ ಮೇಲೆ ಕೂತು ಬುಟ್ಟಿ ತುಂಬಿಕೊಳ್ಳುತ್ತಾರೆ. ಅವರಿಗೂ ಕೆಸರಿಲ್ಲದ ಜಾಗ ಸಿಕ್ಕಂತಾಯಿತು.

ಹೊಸ ಮಾಡಿಗೆ ಏನು ಹಾಕುವುದು? ಅದನ್ನೇ ಹಾಕಿ. ಈ ನಾರನ್ನು ನಮ್ಮ ನೆಲದಿಂದ ಅಗೆಯಲು ಸರ್ಕಾರ 1986ರ ಹೊತ್ತಿಗೇ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. ರಷ್ಯಾದಿಂದ ತರಿಸಲು ಅಡ್ಡಿಯಿಲ್ಲ. ಕಲ್ನಾರಿನ ಧೂಳು ‘ತ್ಯಾಜ್ಯ’ ಎಂಬ ಚೀಟಿ ಹಚ್ಚಿಕೊಂಡು ಬಂದರೆ ಬಂದರಿನಲ್ಲೇ ನಿಷೇಧ, ‘ಕಚ್ಚಾಮಾಲು’ ಎಂದು ಬಂದರೆ ಬನ್ನಿ ಕೂತ್ಕೊಳ್ಳಿ. ಆದ್ದರಿಂದ ಅಂಗಡಿಯಲ್ಲಿ ಧೈರ್ಯವಾಗಿ ಕೇಳಿ. ಹುಕ್ಕಿಗೆ ತೂತು ಕೊರೆಯುವಾಗ ಮಕ್ಕಳನ್ನು ಏಣಿ ಹಿಡಿದುಕೊಳ್ಳಲು ನಿಲ್ಲಿಸಿ, ಅವರಿಗೆ ರಜೆ ಇರುತ್ತದೆ.

ಒಡೆಯದೆ ಉಳಿದ ನಾಲ್ಕು ಶೀಟು ಬಾವಿಕಟ್ಟೆಗೆ ಒರಗಿಸಿಡಿ. ಎರಡು ದಿನದೊಳಗೆ ಪಕ್ಕದ ಮನೆಯ ಅಕ್ಕ ಬಂದು ಕೇಳುತ್ತಾರೆ, ಒಂದು ಕೋಳಿಗೂಡಿಗೆ, ಒಂದು ಬಂಗುಡೆ ಒಣಗಿಸಲಿಕ್ಕೆ. ದುಡ್ಡು ತೆಗೆದುಕೊಳ್ಳಬೇಡಿ. ಇನ್ನೆರಡನ್ನೂ ಒಯ್ಯಲು ಹೇಳಿ, ದಣಪೆ ದಾಟುವವರೆಗೆ ಒಂದು ತುದಿಗೆ ಕೈ ಕೊಡಿ.